ಹನ್ನೆರಡನೆಯ ತರಗತಿಯ ಅಂಕ: ತಕ್ಕಡಿ ಸರಿಯಿದೆಯೇ?

ಮುಂಬಯಿ: ಎಚ್.ಎಸ್.ಸಿ. ಫಲಿತಾಂಶ ಹೊರಬಿತ್ತೆಂದರೆ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಪಾಸೋ ಫೇಲೋ ಎಂಬುದಲ್ಲ, ಎಷ್ಟು ಪರ್ಸೆಂಟು ಎಂಬುದು. ಅದರ ಬೆನ್ನಿಗೇ ಹೋಲಿಕೆ ಶುರುವಾಗುತ್ತದೆ. ಡೊಂಬಿವಲಿಯ ಅಣ್ಣನ ಮಗನಿಗೆ ರಾಜ್ಯ ಮಂಡಳಿಯಲ್ಲಿ 81 ಬಂದರೆ ಪವಾಯಿಯ ತಂಗಿಯ ಮಗಳಿಗೆ ಸಿ.ಬಿ.ಎಸ್.ಇ.ಯಲ್ಲಿ 90, ಊರಿನಲ್ಲಿ ಅಜ್ಜಿ ಮನೆಯಲ್ಲಿದ್ದು ಪಿ.ಯು.ಸಿ. ಓದಿದವನಿಗೆ 93. ಮೂವರಲ್ಲಿ ಜಾಣರು ಯಾರು? ಮದುವೆ ಮಂಟಪದಲ್ಲಿ ಊಟಕ್ಕೆ ಕುಳಿತ ಹಿರಿಯರು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಮೂವರೂ ಬರೆದದ್ದು ಬೇರೆ ಬೇರೆ ಪ್ರಶ್ನೆಪತ್ರಿಕೆ, ತಿದ್ದಿದವರು ಬೇರೆ ಬೇರೆ ಕೈಗಳು. ಸೇರು, ಪಾವು, ಕಿಲೋಗಳನ್ನು ಒಂದೇ ಸಾಲಿನಲ್ಲಿ ಬರೆದು ಕೂಡಿಸಿದ ಹಾಗೆ ಈ ಲೆಕ್ಕ.

ಈ ಅಳತೆಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸಕ್ಕೆ ಸ್ಕೇಲಿಂಗ್, ನಾರ್ಮಲೈಸೇಶನ್, ಮೊಡರೇಶನ್ ಎಂದು ನಾನಾ ಹೆಸರುಗಳಿವೆ. ಹೆಸರು ಯಾವುದಾದರೂ ಕೆಲಸ ಒಂದೇ, ಪರೀಕ್ಷೆಯಲ್ಲಿ ಬಂದ ಕಚ್ಚಾ ಅಂಕವನ್ನು ಬೇರೊಂದು ಅಂಕವಾಗಿ ಬದಲಾಯಿಸುವುದು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಯಾವುದನ್ನು ಆಧಾರವಾಗಿಟ್ಟುಕೊಂಡು ಬದಲಾಯಿಸುತ್ತಾರೆ ಎಂಬುದರ ಮೇಲೆ ಒಬ್ಬನಿಗೆ ಸೀಟು ಸಿಗುತ್ತದೆ, ಇನ್ನೊಬ್ಬನಿಗೆ ತಪ್ಪುತ್ತದೆ. ಮುಂಬಯಿಯ ಕನ್ನಡ ಮಕ್ಕಳ ಮಟ್ಟಿಗೆ ಇದು ದೂರದ ಸಂಗತಿಯೇನಲ್ಲ.

ವಿಭಾಗಗಳ ಅಂತರವನ್ನೇ ನೋಡೋಣ. 2024ರ ಎಚ್.ಎಸ್.ಸಿ. ಪರೀಕ್ಷೆಯಲ್ಲಿ ಕೊಂಕಣ ವಿಭಾಗದ ಉತ್ತೀರ್ಣತೆ ಶೇ. 97.51, ಮುಂಬಯಿ ವಿಭಾಗದ್ದು ಶೇ. 91.95. ಒಂಬತ್ತು ವಿಭಾಗಗಳಲ್ಲಿ ಮುಂಬಯಿಯೇ ಕೊನೆ. 2023ರಲ್ಲೂ ಶೇ. 88.13ರೊಂದಿಗೆ ಮುಂಬಯಿ ಕೊನೆಯ ಸ್ಥಾನದಲ್ಲೇ ಇತ್ತು. ಹಾಗೆಂದು ಮುಂಬಯಿಯ ಮಕ್ಕಳು ದಡ್ಡರೆಂದು ಯಾರೂ ಹೇಳಲಾರರು. ಈ ಊರಿನಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ದೊಡ್ಡ ಕೋಚಿಂಗ್ ಕ್ಲಾಸಿಗೆ ಹೋದವರೂ ಇದ್ದಾರೆ, ಹಗಲಿಡೀ ದುಡಿದು ರಾತ್ರಿ ಕಾಲೇಜಿಗೆ ಬಂದವರೂ ಇದ್ದಾರೆ, ಕಾಲೇಜಿನ ಮೆಟ್ಟಿಲೇ ಹತ್ತದೆ 17 ನಂಬರಿನ ಫಾರ್ಮ್ ತುಂಬಿ ಖಾಸಗಿಯಾಗಿ ಬರೆದವರೂ ಇದ್ದಾರೆ. ಸರಾಸರಿ ಎಂಬುದು ಇವರೆಲ್ಲರನ್ನೂ ಒಂದೇ ಗೋಣಿಯಲ್ಲಿ ಕಟ್ಟಿಬಿಡುತ್ತದೆ.

ಪರೀಕ್ಷೆಯೇ ಇಲ್ಲದ ವರ್ಷ

ಈ ತಕ್ಕಡಿಯ ದೋಷ ಎಲ್ಲರ ಕಣ್ಣಿಗೂ ಬಿದ್ದದ್ದು 2021ರಲ್ಲಿ. ಕೊರೋನಾದಿಂದಾಗಿ ಹನ್ನೆರಡನೆಯ ತರಗತಿಯ ಪರೀಕ್ಷೆಗಳೇ ರದ್ದಾದವು. ಮಹಾರಾಷ್ಟ್ರ ಮಂಡಳಿ 30:30:40 ಎಂಬ ಸೂತ್ರ ತಂದಿತು. ಹತ್ತನೆಯ ತರಗತಿಯಲ್ಲಿ ಅತಿ ಹೆಚ್ಚು ಅಂಕ ಬಂದ ಮೂರು ವಿಷಯಗಳಿಗೆ ಶೇ. 30, ಹನ್ನೊಂದನೆಯ ತರಗತಿಯ ಫಲಿತಾಂಶಕ್ಕೆ ಶೇ. 30, ಹನ್ನೆರಡನೆಯ ತರಗತಿಯಲ್ಲಿ ಕಾಲೇಜು ನಡೆಸಿದ ಪರೀಕ್ಷೆಗಳಿಗೆ ಶೇ. 40. ಆಗಸ್ಟ್ 3ರಂದು ಫಲಿತಾಂಶ ಬಂದಾಗ ಉತ್ತೀರ್ಣತೆ ಶೇ. 99.63. ಅದರ ಹಿಂದಿನ ವರ್ಷ, 2020ರಲ್ಲಿ, ಅದು ಶೇ. 90.66 ಆಗಿತ್ತು. ಮನೆಗಳಲ್ಲಿ ಪೇಡೆ ಹಂಚಿದ್ದು ಸಹಜವೇ.

ಆದರೆ ಪಾಸಾಗುವುದು ಬೇರೆ, ಕಟ್ ಆಫ್ ದಾಟುವುದು ಬೇರೆ. ಎಲ್ಲರ ಅಂಕವೂ ಏರಿದಾಗ ಯಾರ ಅಂಕವೂ ಏರಿದಂತಾಗುವುದಿಲ್ಲ. ಆ ವರ್ಷ ಸೂತ್ರದ ಮಧ್ಯದಲ್ಲಿ ಕುಳಿತಿದ್ದ ಆ ಎರಡನೆಯ ಮೂವತ್ತು, ಅಂದರೆ ಹನ್ನೊಂದನೆಯ ತರಗತಿಯ ಅಂಕ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಪಾಲಿಗೆ ಮುಳ್ಳಾಯಿತು ಎಂಬುದನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ.

ಕಾರಣ ಸರಳ. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲೋ ನಮ್ಮ ಸಂಘ-ಸಂಸ್ಥೆಗಳು ನಡೆಸುವ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲೋ ಹತ್ತನೆಯವರೆಗೆ ಕನ್ನಡದಲ್ಲಿ ಲೆಕ್ಕ, ವಿಜ್ಞಾನ ಕಲಿತ ಮಗು ಹನ್ನೊಂದಕ್ಕೆ ಬಂದ ದಿನವೇ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದುಬಿಡುತ್ತದೆ. ನಿನ್ನೆಯವರೆಗೆ ವೇಗೋತ್ಕರ್ಷ ಎಂದದ್ದನ್ನು ಇಂದು ಅಕ್ಸೆಲರೇಶನ್ ಎನ್ನಬೇಕು. ಹಾಗಾಗಿ ಮೊದಲ ವರ್ಷ ಎಡವುವುದು, ಎರಡನೆಯ ವರ್ಷ ಸುಧಾರಿಸಿಕೊಳ್ಳುವುದು ಈ ಮಕ್ಕಳ ಮಾಮೂಲಿ ದಾರಿ. ಎಂದಿನ ವರ್ಷಗಳಲ್ಲಿ ಹನ್ನೊಂದನೆಯ ತರಗತಿಯ ಅಂಕಕ್ಕೆ ಮುಂದೆ ಬೆಲೆಯಿರುವುದಿಲ್ಲವಾದ್ದರಿಂದ ಆ ಎಡವಟ್ಟು ಯಾರಿಗೂ ಕಾಣದೆ ಮರೆಯಾಗುತ್ತಿತ್ತು. 2021ರಲ್ಲಿ ಮಾತ್ರ ಅದು ಅಂಕಪಟ್ಟಿಗೆ ಬಂದು ಕುಳಿತಿತು.

ಒಂದು ಲೆಕ್ಕ ಹಾಕಿ ನೋಡೋಣ. ಇಬ್ಬರು ಸಹಪಾಠಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಹತ್ತನೆಯ ತರಗತಿಯ ಉತ್ತಮ ಮೂರು ವಿಷಯಗಳಲ್ಲಿ 84, ಹನ್ನೆರಡನೆಯ ಆಂತರಿಕ ಪರೀಕ್ಷೆಗಳಲ್ಲಿ 74. ಇಂಗ್ಲಿಷ್ ಮಾಧ್ಯಮದಿಂದ ಬಂದವನಿಗೆ ಹನ್ನೊಂದರಲ್ಲಿ 70, ಕನ್ನಡ ಮಾಧ್ಯಮದಿಂದ ಬಂದವನಿಗೆ 52. ಸೂತ್ರ ಹಚ್ಚಿದರೆ ಮೊದಲನೆಯವನಿಗೆ 75.8, ಎರಡನೆಯವನಿಗೆ 70.4. ಹನ್ನೆರಡನೆಯ ತರಗತಿಯಲ್ಲಿ ಇಬ್ಬರೂ ಸರಿಸಮ, ಅಂಕಪಟ್ಟಿಯಲ್ಲಿ ಐದೂವರೆ ಅಂಕದ ಅಂತರ. ಮುಂಬಯಿಯ ಒಳ್ಳೆಯ ಕಾಮರ್ಸ್ ಕಾಲೇಜುಗಳ ಪಟ್ಟಿಯಲ್ಲಿ ಐದೂವರೆ ಅಂಕವೆಂದರೆ ಚರ್ಚ್‌ಗೇಟ್‌ನಿಂದ ವಿರಾರದಷ್ಟು ದೂರ. ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಹನ್ನೆರಡನೆಯ ತರಗತಿಯಲ್ಲಿ ಏನು ಕಲಿತಿದ್ದಾನೆಂದು ಹೇಳಬೇಕೇ ಹೊರತು ಎರಡು ವರ್ಷದ ಹಿಂದೆ ಎಲ್ಲಿ ಎಡವಿದ್ದ ಎಂದಲ್ಲ.

ರಾತ್ರಿ ಕಾಲೇಜಿನವರ ಪಾಡು ಇನ್ನೊಂದು ಬಗೆಯದು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲುಗಳು ಮುಚ್ಚಿದಾಗ ದುಡಿಮೆಯ ಹುಡುಗರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಮೊಬೈಲಿನಲ್ಲಿ ಕ್ಲಾಸು ಎಂದರೆ ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಬೇಕು. ಅಂಥವರ ಆಂತರಿಕ ಪರೀಕ್ಷೆಯ ನಲವತ್ತು ಅಂಕ ಹೇಗೆ ತುಂಬಬೇಕು? ಮಂಡಳಿಯ ಪರೀಕ್ಷೆ ನಡೆದಿದ್ದರೆ ಕೊನೆಯ ಎರಡು ತಿಂಗಳು ರಜೆ ಹಾಕಿ ಓದಿ ಬರೆಯುತ್ತಿದ್ದವರಿವರು. ಫೋರ್ಟಿನ ರಾತ್ರಿ ಶಾಲೆಗಳಿಂದ ಹಿಡಿದು ಉಪನಗರಗಳವರೆಗೆ ಮುಂಬಯಿ ಕನ್ನಡಿಗರ ಕಳೆದ ಶತಮಾನದ ವಿದ್ಯಾಭ್ಯಾಸದ ಚರಿತ್ರೆ ಬಹುಪಾಲು ಹೀಗೆಯೇ ನಡೆದದ್ದು. ಕೊನೆಯ ಪರೀಕ್ಷೆ ಎಂಬುದು ಬಡವನ ಮಗನಿಗೆ ಭಯವೂ ಹೌದು, ಭರವಸೆಯೂ ಹೌದು. ಉತ್ತರಪತ್ರಿಕೆಗೆ ಅಂಟಿಸಿದ ಬಾರ್‌ಕೋಡಿನ ಹಿಂದೆ ಅವನ ಕಾಲೇಜು ಯಾವುದೆಂದು ಕಾಣುವುದಿಲ್ಲ.

ಕಾಲೇಜಿನ ಹೆಸರೇ ಅಂಕವಾದಾಗ

ಸಿ.ಬಿ.ಎಸ್.ಇ. ಅದೇ ವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲೆಗಳು ಮನಸೋ ಇಚ್ಛೆ ಅಂಕ ಸುರಿದುಬಿಟ್ಟಾವು ಎಂಬ ಭಯದಿಂದ ಪ್ರತಿ ಶಾಲೆಯ ಹಿಂದಿನ ಮೂರು ವರ್ಷಗಳ ಫಲಿತಾಂಶದಲ್ಲಿ ಅತ್ಯುತ್ತಮವಾದ ವರ್ಷವನ್ನು ಮಾನದಂಡವಾಗಿಟ್ಟಿತು. ಒಂದೊಂದು ವಿಷಯದ ಅಂಕ ಆ ವರ್ಷದ ಮಟ್ಟದಿಂದ ಐದು ಅಂಕಕ್ಕಿಂತ ಆಚೀಚೆ ಹೋಗಕೂಡದು, ಶಾಲೆಯ ಒಟ್ಟು ಸರಾಸರಿ ಎರಡು ಅಂಕಕ್ಕಿಂತ ಮೇಲೇರಕೂಡದು. ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಈ ಯೋಜನೆಗೆ ಒಪ್ಪಿಗೆ ನೀಡಿತು. ಪರೀಕ್ಷೆಯೇ ಇಲ್ಲದಿದ್ದಾಗ ಏನಾದರೊಂದು ಲಗಾಮು ಬೇಕಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಈ ಲಗಾಮು ಹಾಕಿದ್ದು ಯಾರ ಬಾಯಿಗೆ? ಹಿಂದಿನ ವರ್ಷಗಳಲ್ಲಿ ಸಾಧಾರಣ ಫಲಿತಾಂಶ ಪಡೆದ ಶಾಲೆಯಲ್ಲಿ ಒಂದು ವರ್ಷ ಚುರುಕಾದ ತಂಡ ಬಂತೆನ್ನಿ. ಮೇಲಿನ ಮುಚ್ಚಳ ಮೊದಲೇ ಬಿಗಿದಿರುವುದರಿಂದ ಒಬ್ಬನಿಗೆ ಅಂಕ ಏರಿಸಬೇಕಾದರೆ ಅದೇ ಬೆಂಚಿನ ಇನ್ನೊಬ್ಬನಿಗೆ ಇಳಿಸಬೇಕು. ಸರಾಸರಿ ಉಳಿಯಬೇಕಲ್ಲ! ತಲೆಮಾರಿನಿಂದ ಹೆಸರಾದ ಶಾಲೆಯಲ್ಲಿ ಆ ತೊಂದರೆಯಿಲ್ಲ, ಅಲ್ಲಿ ಸಾಧಾರಣ ಮಗುವಿನ ಮೇಲೂ ಅಣ್ಣ-ಅಕ್ಕಂದಿರ ಪುಣ್ಯದ ನೆರಳಿರುತ್ತದೆ.

ಇದೇ ತಪ್ಪನ್ನು ಇಂಗ್ಲೆಂಡ್ ಒಂದು ವರ್ಷ ಮೊದಲು ಮಾಡಿ ಕೈಸುಟ್ಟುಕೊಂಡಿತ್ತು. 2020ರ ಆಗಸ್ಟ್ 13ರಂದು ಅಲ್ಲಿನ ಎ ಲೆವೆಲ್ ಫಲಿತಾಂಶವನ್ನು ಆಫ್‌ಕ್ವಾಲ್ ಎಂಬ ಸರಕಾರಿ ನಿಯಂತ್ರಕ ಸಂಸ್ಥೆ ಕಂಪ್ಯೂಟರ್ ಸೂತ್ರದ ಮೂಲಕ ಪ್ರಕಟಿಸಿತು. ಶಿಕ್ಷಕರು ಅಂದಾಜಿಸಿದ ಗ್ರೇಡುಗಳಲ್ಲಿ ಹತ್ತಿರ ಹತ್ತಿರ ಶೇ. 40 ಕೆಳಗಿಳಿದವು. ಸೂತ್ರದ ಜೀವಾಳ ಶಾಲೆಯ ಹಳೆಯ ಫಲಿತಾಂಶ. ತೀರಾ ಸಣ್ಣ ತರಗತಿಗಳಿಗೆ ಮಾತ್ರ ಸೂತ್ರದಿಂದ ವಿನಾಯಿತಿ ನೀಡಿ ಶಿಕ್ಷಕರ ಗ್ರೇಡನ್ನೇ ಉಳಿಸಲಾಯಿತು. ಸಣ್ಣ ತರಗತಿ ಇರುವುದು ಎಲ್ಲಿ? ಹೆಚ್ಚು ಶುಲ್ಕದ ಖಾಸಗಿ ಶಾಲೆಗಳಲ್ಲಿ. ಬಡ ಬಡಾವಣೆಗಳ ದೊಡ್ಡ ಕಾಲೇಜುಗಳ ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನದಲ್ಲಿ, ಆಗಸ್ಟ್ 17ರಂದು, ಸರಕಾರ ಸೂತ್ರವನ್ನು ಹಿಂತೆಗೆದುಕೊಂಡಿತು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಆ ಸೂತ್ರ ಇಡೀ ದೇಶದ ಸರಾಸರಿಯನ್ನು ಜತನದಿಂದ ಕಾಪಾಡಿತ್ತು. ಕಾಪಾಡದೇ ಹೋದದ್ದು ಒಂದೊಂದು ಮಗುವನ್ನು.

ಮುಂಬಯಿಗೆ ಹಳೆಯದೇ ಜಗಳ

ಅಳತೆ ಹೊಂದಿಸುವ ಜಗಳ ಮುಂಬಯಿಗೆ ಹೊಸತಲ್ಲ. ಹತ್ತನೆಯ ತರಗತಿ ಮುಗಿಸಿ ಜ್ಯೂನಿಯರ್ ಕಾಲೇಜು ಸೇರುವ ಹಂತದಲ್ಲಿ ಮೂರು ವರ್ಷ ಸತತವಾಗಿ ಅದು ನ್ಯಾಯಾಲಯದ ಮೆಟ್ಟಿಲೇರಿತ್ತು. 2008ರಲ್ಲಿ ರಾಜ್ಯ ಸರಕಾರ ಪರ್ಸೆಂಟೈಲ್ ಸೂತ್ರ ತಂದಿತು. ಮೇಲ್ಪಂಕ್ತಿಯ ವಿದ್ಯಾರ್ಥಿಗಳ ಸರಾಸರಿಯನ್ನು ಅಳತೆಗೋಲಾಗಿಟ್ಟು ಉಳಿದವರ ಅಂಕ ತೂಗುವ ವಿಧಾನ ಅದು. ಬೊಂಬಾಯಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2009ರಲ್ಲಿ ಶೇ. 90 ಸೀಟು ಎಸ್.ಎಸ್.ಸಿ. ಮಕ್ಕಳಿಗೆ, ಉಳಿದ ಹತ್ತು ಇತರ ಮಂಡಳಿಗಳಿಗೆ ಎಂಬ ಆದೇಶ ಬಂತು, ಅದೂ ಜುಲೈನಲ್ಲಿ ಬಿದ್ದುಹೋಯಿತು. 2010ರಲ್ಲಿ ಆರು ವಿಷಯಗಳ ಪೈಕಿ ಉತ್ತಮವಾದ ಐದನ್ನು ಮಾತ್ರ ಎಣಿಸುವ ಬೆಸ್ಟ್ ಫೈವ್. ಹೈಕೋರ್ಟ್ ಜೂನ್‌ನಲ್ಲಿ ಅದನ್ನೂ ರದ್ದು ಮಾಡಿತು, ಆದರೆ ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿಗೆ ನೀಡಿದ್ದರಿಂದ ಇಂದಿಗೂ ನಮ್ಮ ಮಕ್ಕಳು ಅದರ ಫಲ ಉಣ್ಣುತ್ತಿದ್ದಾರೆ. 2021ರಲ್ಲಿ ಹನ್ನೊಂದನೆಯ ತರಗತಿಗಾಗಿ ಘೋಷಿಸಿದ್ದ ಸಿ.ಇ.ಟಿ.ಯನ್ನೂ ಆಗಸ್ಟ್ 10ರಂದು ಹೈಕೋರ್ಟ್ ರದ್ದುಪಡಿಸಿತು. ರಾಜ್ಯ ಮಂಡಳಿಯ ಪಠ್ಯದ ಮೇಲೆಯೇ ಪರೀಕ್ಷೆಯಾದರೆ ಬೇರೆ ಮಂಡಳಿಯವರ ಗತಿಯೇನು ಎಂಬುದು ಅಲ್ಲಿನ ವಾದವಾಗಿತ್ತು. ಪ್ರತಿ ಸಲವೂ ಜೂನ್-ಜುಲೈ ತಿಂಗಳಿಡೀ ಪಾಲಕರು ಪತ್ರಿಕೆ ಹಿಡಿದು ಕುಳಿತದ್ದೇ ಬಂತು.

ಹನ್ನೆರಡರ ನಂತರದ ಇಂಜಿನಿಯರಿಂಗ್ ಪ್ರವೇಶದಲ್ಲಿ ಇದೇ ಪ್ರಯೋಗ ರಾಷ್ಟ್ರಮಟ್ಟದಲ್ಲಿ ನಡೆಯಿತು. 2013ರಿಂದ 2016ರವರೆಗೆ ಜೆ.ಇ.ಇ. ಮೇನ್ ರ‍್ಯಾಂಕಿಗೆ ಹನ್ನೆರಡನೆಯ ತರಗತಿಯ ಅಂಕಕ್ಕೆ ಶೇ. 40 ತೂಕವಿತ್ತು. ನಡುವೆ ಮಹಾರಾಷ್ಟ್ರವೂ 2014 ಮತ್ತು 2015ರಲ್ಲಿ ಜೆ.ಇ.ಇ. ಹಾಗೂ ಎಚ್.ಎಸ್.ಸಿ.ಗೆ ಅರ್ಧರ್ಧ ಎಂದು ಹಂಚಿ, 2016ರಲ್ಲಿ ಮರಳಿ ತನ್ನದೇ ಸಿ.ಇ.ಟಿ.ಗೆ ಬಂತು. ಮಂಡಳಿಗಳನ್ನು ಹೊಂದಿಸಲು ಬಳಸಿದ್ದು ಪರ್ಸೆಂಟೈಲ್. ಅಂದರೆ ತನ್ನ ಮಂಡಳಿಯಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯನ್ನು ಹಿಂದೆ ಹಾಕಿದವನು, ಇನ್ನೊಂದು ಮಂಡಳಿಯಲ್ಲಿ ತೊಂಬತ್ತೈದು ಮಂದಿಯನ್ನು ಹಿಂದೆ ಹಾಕಿದವನಿಗೆ ಸಮ. ಉದಾರವಾಗಿ ಅಂಕ ಕೊಡುವ ಮಂಡಳಿಯ ಲಾಭ ಇದರಿಂದ ಅಳಿದುಹೋಗುತ್ತದೆ ಎಂಬುದು ನಿಜ. ಆದರೆ ಎಲ್ಲ ಮಂಡಳಿಗಳಲ್ಲೂ ಜಾಣರು ಒಂದೇ ಪ್ರಮಾಣದಲ್ಲಿದ್ದಾರೆ ಎಂಬ ನಂಬಿಕೆ ಇದರ ಅಡಿಗಲ್ಲು, ಆ ಕಲ್ಲನ್ನು ಯಾರೂ ಅಲುಗಾಡಿಸಿ ನೋಡಲಿಲ್ಲ. ವಿದ್ಯಾರ್ಥಿಗಳಿಗೂ ಪಾಲಕರಿಗೂ ಅರ್ಥವಾಗದ ಲೆಕ್ಕ ಎಂಬ ದೂರು ಕೊನೆಯವರೆಗೂ ಉಳಿಯಿತು. 2017ರಿಂದ ಆ ತೂಕವನ್ನೇ ತೆಗೆದುಹಾಕಲಾಯಿತು.

ಮಕ್ಕಳನ್ನು ಮಂಗಳೂರು, ಉಡುಪಿ ಕಡೆಯ ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸುವ ಇಲ್ಲಿನ ಪಾಲಕರಿಗೆ ಕರ್ನಾಟಕದ 2022ರ ಪ್ರಕರಣ ನೆನಪಿರಬಹುದು. 2021ರಲ್ಲಿ ಪರೀಕ್ಷೆಯಿಲ್ಲದೆ ಪಿ.ಯು.ಸಿ. ಪಾಸಾದವರು ಮರುವರ್ಷ ಮತ್ತೆ ಸಿ.ಇ.ಟಿ. ಬರೆದಾಗ, ಅವರ ಪಿ.ಯು. ಅಂಕವನ್ನು ಪರಿಗಣಿಸಲಾಗದು ಎಂದು ಪ್ರಾಧಿಕಾರ ಹೇಳಿತು. ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಪರಿಗಣಿಸಲೇಬೇಕೆಂದಿತು. ಕೊನೆಗೆ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಯಿತು. ಆರೇ ಯಾಕೆ, ಎಂಟು ಯಾಕಲ್ಲ ಎಂದು ಕೇಳಿದವರೂ ಇದ್ದರು. ಆದರೂ ಒಂದು ಮಾತು ಮೆಚ್ಚಬೇಕು, ಕಳೆದದ್ದು ಎಲ್ಲರಿಗೂ ಸಮನಾಗಿ, ಓದಿದ ಕಾಲೇಜು ನೋಡಿ ಅಲ್ಲ.

ಕನ್ನಡ ಬಿಟ್ಟು ಐ.ಟಿ.

ಕಾಲೇಜು-ಕಾಲೇಜುಗಳ ನಡುವಿನ ಅನ್ಯಾಯಕ್ಕೆ ಕೋರ್ಟು, ಪತ್ರಿಕೆ, ಮೆರವಣಿಗೆ ಇವೆ. ವಿಷಯ-ವಿಷಯಗಳ ನಡುವಿನದು ಸದ್ದಿಲ್ಲದೆ ನಡೆದುಹೋಗುತ್ತದೆ. ಮುಂಬಯಿಯ ಕಲಾ, ವಾಣಿಜ್ಯ, ವಿಜ್ಞಾನ ಪದವಿ ಪ್ರವೇಶಗಳಲ್ಲಿ ಬಹುಕಾಲದಿಂದ ನೋಡುತ್ತ ಬಂದಿರುವುದು ಎಚ್.ಎಸ್.ಸಿ.ಯ ಒಟ್ಟು ಅಂಕವನ್ನು. ಅದರಲ್ಲಿ ಯಾವ ವಿಷಯಕ್ಕೂ ಹೆಚ್ಚು ಕಡಿಮೆ ತೂಕವಿಲ್ಲ. ಗಣಿತದ 70 ಮತ್ತು ಇನ್ನೊಂದು ಸುಲಭದ ವಿಷಯದ 70 ಎರಡೂ ಒಂದೇ.

ಇದರ ಪೆಟ್ಟು ಮೊದಲು ಬಿದ್ದದ್ದು ಭಾಷೆಗಳ ಮೇಲೆ. ಜ್ಯೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಕಡ್ಡಾಯ, ಎರಡನೆಯ ಭಾಷೆಯ ಜಾಗದಲ್ಲಿ ಮಾಹಿತಿ ತಂತ್ರಜ್ಞಾನ, ಅಂದರೆ ಐ.ಟಿ., ತೆಗೆದುಕೊಳ್ಳುವ ಅವಕಾಶ ಬಂದಾಗ ಮಕ್ಕಳು ಸಾಲುಗಟ್ಟಿ ಅತ್ತ ಹೋದರು. ಕಂಪ್ಯೂಟರಿನ ಮುಂದೆ ಕುಳಿತು ಉತ್ತರಿಸುವ ಪರೀಕ್ಷೆ, ತೊಂಬತ್ತರ ಆಸುಪಾಸು ಅಂಕ ಕಷ್ಟವಲ್ಲ ಎಂಬ ಪ್ರತೀತಿ. ಎಚ್.ಎಸ್.ಸಿ.ಯ ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದೇ ಹಲವು ಪಾಲಕರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಕೇಳುವುದು ಒಂದೇ ಮಾತು: ಪ್ರಬಂಧ ಬರೆದು 70 ತರುವುದಕ್ಕಿಂತ ಐ.ಟಿ.ಯಲ್ಲಿ 92 ತಂದರೆ ಒಳ್ಳೆಯದಲ್ಲವೇ? ಹತ್ತನೆಯ ತರಗತಿಯಲ್ಲಿ ಸಂಸ್ಕೃತಕ್ಕೆ, ಫ್ರೆಂಚಿಗೆ ಮಕ್ಕಳನ್ನು ತಳ್ಳುವುದರ ಹಿಂದೆಯೂ ಇದೇ ಲೆಕ್ಕವಿದೆ, ಕಾಳಿದಾಸನ ಮೇಲಿನ ಪ್ರೀತಿಯಲ್ಲ.

ಪಾಲಕರನ್ನು ದೂರಿ ಪ್ರಯೋಜನವಿಲ್ಲ. ತಕ್ಕಡಿ ಹಾಗಿದ್ದಾಗ ಅವರು ಮಾಡುವುದು ಜಾಣತನವೇ. ತೆಗೆದುಕೊಳ್ಳುವವರಿಲ್ಲದೆ ಕನ್ನಡದ ಪಾಠ ನಿಂತರೆ ಕಾಲೇಜಿನ ಆಡಳಿತದ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ. ಕನ್ನಡ ಸಂಘಗಳ ವೇದಿಕೆಯಲ್ಲಿ ಭಾಷೆ ಉಳಿಸಿ ಎಂದು ಭಾಷಣ ಮಾಡುವವರು ಒಮ್ಮೆ ಅಂಕದ ಈ ಲೆಕ್ಕವನ್ನೂ ನೋಡಬೇಕು.

ಬೇರೆ ದಾರಿ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೂ ಹನ್ನೆರಡನೆಯ ತರಗತಿಯ ಪರೀಕ್ಷೆಯ ಹೆಸರು ಎಚ್.ಎಸ್.ಸಿ. ಎಂಬುದೇ ಒಂದು ತಮಾಷೆ. ಅಲ್ಲಿ ಅರ್ಧ ಅಂಕ ಶಾಲೆಯ ಕೈಯಲ್ಲಿ, ಅರ್ಧ ರಾಜ್ಯದ ಪರೀಕ್ಷೆಯಲ್ಲಿ. ಶಾಲೆ ಕೊಟ್ಟ ಅಂಕವನ್ನು ಅದೇ ಮಕ್ಕಳು ಅದೇ ವರ್ಷ ರಾಜ್ಯದ ಪರೀಕ್ಷೆಯಲ್ಲಿ ಗಳಿಸಿದ ಅಂಕಕ್ಕೆ ಹೊಂದಿಸುತ್ತಾರೆ, ಹೋದ ವರ್ಷ ಆ ಶಾಲೆಯಲ್ಲಿ ಓದಿದವರ ಅಂಕಕ್ಕಲ್ಲ. ಶಾಲೆಯೊಳಗಿನ ಕ್ರಮಾಂಕ ಉಳಿಯುತ್ತದೆ, ಉದಾರತನ ಹೋಗುತ್ತದೆ. ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ವಿಷಯಗಳನ್ನು ಹೊಂದಿಸುವಾಗ, ಒಂದು ವಿಷಯ ತೆಗೆದುಕೊಂಡವರು ತಮ್ಮ ಉಳಿದ ವಿಷಯಗಳಲ್ಲಿ ಹೇಗೆ ಮಾಡಿದ್ದಾರೆಂದು ನೋಡಿ ಆ ವಿಷಯದ ತೂಕ ನಿರ್ಧರಿಸುತ್ತಾರೆ. ಅಲ್ಲಿಯೂ ಗೊಣಗಾಟವಿದೆ, ಕೆಲವು ವಿಷಯಗಳಿಗೆ ಸ್ಕೇಲಿಂಗ್ ಮಾರಕ ಎಂಬ ಮಾತು ಪ್ರತಿ ವರ್ಷ ಏಳುತ್ತದೆ. ಆದರೆ ಸುಲಭದ ವಿಷಯ ಆರಿಸಿಕೊಂಡು ಮುಂದೆ ಓಡುವ ದಾರಿ ಅಲ್ಲಿ ಅಷ್ಟು ನುಣುಪಾಗಿಲ್ಲ. ಇಲ್ಲಿ ಅಂಥ ಲೆಕ್ಕವನ್ನು ನಾಳೆಯೇ ತರಬೇಕೆಂದಲ್ಲ. ಕನ್ನಡದಂಥ ಬೆರಳೆಣಿಕೆಯ ಮಕ್ಕಳ ವಿಷಯಕ್ಕೆ ಸರಾಸರಿಯ ಸೂತ್ರ ಹಚ್ಚಿದರೆ ಹತ್ತು ಜನರಲ್ಲಿ ಇಬ್ಬರು ಚೆನ್ನಾಗಿ ಬರೆಯದಿದ್ದರೂ ಉಳಿದವರು ಮುಳುಗುವ ಅಪಾಯವಿದೆ. ಭಾಷೆಗೆ ಎದುರಾಗಿ ಭಾಷೆಯನ್ನೂ ಐ.ಟಿ.ಗೆ ಎದುರಾಗಿ ಇನ್ನೊಂದು ತಾಂತ್ರಿಕ ವಿಷಯವನ್ನೂ ಇಟ್ಟು ಆಯ್ಕೆಯ ಗುಂಪು ಬೇರ್ಪಡಿಸುವುದು ಅದಕ್ಕಿಂತ ಸುಲಭದ ಪರಿಹಾರ.

2025ರಿಂದ ಹನ್ನೊಂದನೆಯ ತರಗತಿಯ ಪ್ರವೇಶ ಇಡೀ ರಾಜ್ಯಕ್ಕೆ ಆನ್‌ಲೈನ್ ಆಗಿದೆ. ಕನ್ನಡಿಗರು ನಡೆಸುವ ಜ್ಯೂನಿಯರ್ ಕಾಲೇಜುಗಳಲ್ಲಿ ಭಾಷಾ ಅಲ್ಪಸಂಖ್ಯಾತ ಕೋಟಾದ ಸೀಟುಗಳೂ ಇವೆ. ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಕಾಲೇಜು ಶುರುವಾಗುವ ಮೊದಲೇ ವಿಜ್ಞಾನ, ಲೆಕ್ಕಗಳ ಇಂಗ್ಲಿಷ್ ಪರಿಭಾಷೆ ಕಲಿಸುವ ಒಂದು ತಿಂಗಳ ತರಗತಿಯನ್ನು ಈ ಸಂಸ್ಥೆಗಳು ತಮ್ಮ ಸಭಾಗೃಹಗಳಲ್ಲೇ ನಡೆಸಬಹುದು, ಅದಕ್ಕೆ ಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಎಸ್.ಎಸ್.ಸಿ. ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವೆ ಎರಡು ತಿಂಗಳು ಆ ಮಕ್ಕಳು ಮನೆಯಲ್ಲೇ ಇರುತ್ತಾರೆ.